ಸ್ಪಷ್ಟನೆ: ಅಮೆರಿಕದ ಗುಂಡೇಟಿಗೆಲ್ಲ ಮಾನಸಿಕ ಕಾಯಿಲೆಯೇ ಕಾರಣವೇ?

'ಅಮೆರಿಕದಲ್ಲಿ ಗುಂಡು ಹಾರಿಸಿ ಕೊಲ್ಲುವವರೆಲ್ಲ ಮಾನಸಿಕ ರೋಗಿಗಳು, ಅವರನ್ನು ಆಸ್ಪತ್ರೆಗೆ ಸೇರಿಸಿದರೆ ಸಾವು ನಿಲ್ಲುತ್ತದೆ' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ದಶಕಗಳಿಂದ ಇದನ್ನೇ ಅಧ್ಯಯನ ಮಾಡಿದವರು. ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣುವ, ಕೇಳಿಸುವ ಭ್ರಮೆಯ ಕಾಯಿಲೆ), ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಬಂದು ಹೋಗುವ ಕಾಯಿಲೆ), ತೀವ್ರ ಖಿನ್ನತೆ ಮೂರೂ ಪೂರ್ತಿ ವಾಸಿಯಾದವು ಅಂತಿಟ್ಟುಕೊಳ್ಳಿ. ಆಗಲೂ ಅಲ್ಲಿನ ಹಿಂಸೆ ಇಳಿಯುವುದು ಸುಮಾರು ಶೇ 4ರಷ್ಟು ಮಾತ್ರ ಎನ್ನುತ್ತದೆ ಅವರ ಅಂದಾಜು. (ಇದು ಬಂದೂಕಿನದಷ್ಟೇ ಅಲ್ಲ, ಎಲ್ಲ ಬಗೆಯ ಹಿಂಸೆಯ ಲೆಕ್ಕ.) ಈ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಜಾಸ್ತಿ. ಚಿಕಿತ್ಸೆ ಪಡೆಯುತ್ತಿರುವವರನ್ನು ಸುಮ್ನೆ ಕೊಲೆಗಾರರಂತೆ ನೋಡುವುದು ಅನ್ಯಾಯ, ಅಲ್ವಾ?

ಹಾಗಂತ ಮಾನಸಿಕ ಕಾಯಿಲೆಗೂ ಗುಂಡೇಟಿನ ಸಾವಿಗೂ ನಂಟೇ ಇಲ್ಲ ಅನ್ನುವುದೂ ಸರಿಯಲ್ಲ. 2021ರಲ್ಲಿ ಅಲ್ಲಿ ಗುಂಡೇಟಿಗೆ ಸತ್ತವರು 48,830 ಜನ. ಅದರಲ್ಲಿ ಕೊಲೆಗಳು 20,958. ಆತ್ಮಹತ್ಯೆಗಳು 26,328, ಅಂದರೆ ಅರ್ಧಕ್ಕಿಂತ ಜಾಸ್ತಿ! ಖಿನ್ನತೆಯ ಮಾತು ನಿಜವಾಗಿ ಬರಬೇಕಾದ್ದು ಇಲ್ಲಿ. ಸಾಯಬೇಕೆಂಬ ತೀವ್ರ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಮನೆಯ ಬಂದೂಕು ಬೀಗದೊಳಗಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.