ಸತ್ಯಾಂಶ: ‘ಮೊದಲೇ ಹಾಕಿದ್ದೆವು’ ಅನ್ನುವ ಪ್ರಶ್ನೆಪತ್ರಿಕೆಯ ಅಸಲಿ ಕಥೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದರೆ ಸಾಕು, ಇಂಥ ಮೆಸೇಜು ಓಡಾಡಲು ಶುರು: ‘ನಾಳೆಯ ಗಣಿತ ಪೇಪರ್ ಲೀಕ್ ಆಗಿದೆ. ಹಿಂದಿನ ಪೇಪರನ್ನೂ ನಮ್ಮ ಚಾನೆಲ್‌ನಲ್ಲಿ ಮೊದಲೇ ಹಾಕಿದ್ದೆವು, ಬೇಕಾದರೆ ನೋಡಿ. ದುಡ್ಡು ಕಳಿಸಿ, ಪೇಪರ್ ಪಡೆಯಿರಿ.’

ಕೈಚಳಕ ಇರುವುದೇ ಆ ‘ಮೊದಲೇ ಹಾಕಿದ್ದೆವು’ ಅನ್ನುವುದರಲ್ಲಿ. ಟೆಲಿಗ್ರಾಂ ಚಾನೆಲ್‌ನಲ್ಲಿ ಭಾನುವಾರ ರಾತ್ರಿ ಯಾವುದೋ ಒಂದು ಫೋಟೊ ಹಾಕಿರುತ್ತಾರೆ. ಸೋಮವಾರ ಮಕ್ಕಳು ಪರೀಕ್ಷೆ ಬರೆದು ಹೊರಗೆ ಬಂದ ಮೇಲೆ, ಅದೇ ಪೋಸ್ಟನ್ನು ಎಡಿಟ್ ಮಾಡಿ ಅಸಲಿ ಪೇಪರಿನ ಫೋಟೊ ಕೂರಿಸುತ್ತಾರೆ. ಸಮಯ ಮಾತ್ರ ಭಾನುವಾರ ರಾತ್ರಿಯದ್ದೇ ಉಳಿಯುತ್ತದೆ. ಪಕ್ಕದಲ್ಲಿ ಸಣ್ಣದಾಗಿ ‘ಎಡಿಟೆಡ್’ ಅಂತ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ ಅಲ್ವಾ?

ಹಾಗಾದರೆ ಲೀಕ್ ಆಗುವುದೇ ಇಲ್ಲವಾ? ಆಗಿದೆ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಎರಡು ಸಲ ಸೋರಿತ್ತು. ಪೇಪರ್ ಸಿಕ್ಕವರಿಗೆ ಏನು ಲಾಭವಾಯಿತು? ಪರೀಕ್ಷೆಯೇ ರದ್ದಾಯಿತು. ಕೊನೆಗೆ ಏಪ್ರಿಲ್ 12ರಂದು ಬರೆಯಬೇಕಾಯಿತು. ನಿಯತ್ತಾಗಿ ಓದಿದ ಮಕ್ಕಳು ಸುಮ್ನೆ ಮೂರು ವಾರ ಒದ್ದಾಡಿದರು. ನನಗೆ ಈಗಲೂ ಸಂಕಟ ಆಗುವುದು ಅದಕ್ಕೇ.

ಪತ್ರಿಕೆಗಳು ಸೀಲಾದ ಬಂಡಲ್‌ಗಳಲ್ಲಿ ಖಜಾನೆಯಲ್ಲಿರುತ್ತವೆ, ಪರೀಕ್ಷೆಯ ದಿನ ಬೆಳಿಗ್ಗೆ ಕೇಂದ್ರಕ್ಕೆ ಹೊರಡುತ್ತವೆ. 2024ರಿಂದ ಎಸ್ಸೆಸ್ಸೆಲ್ಸಿ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ದೃಶ್ಯವನ್ನು ಅಧಿಕಾರಿಗಳು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ) ಕೂಡ ಬಂದಿದೆ.

ಇಂಥ ಮೆಸೇಜು ಬಂದರೆ ಮುಂದಕ್ಕೆ ಕಳಿಸಬೇಡಿ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.