ಹಳೆ ಲಾಡ್ಜ್ ಬುಕ್ ಮಾಡುವ ಮುಂಚೆ ಎರಡು ಮಾತು

ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿರುವ ಹಳೆ ಲಾಡ್ಜ್‌ಗಳನ್ನು ಗುಂಪಾಗಿ ಬಾಡಿಗೆಗೆ ಹಿಡಿಯಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಓದಿ ತುಂಬಾ ಖುಷಿಯಾಯಿತು. ಆದರೆ ಕಟ್ಟಿದವರ ಬಗ್ಗೆಯೂ ಒಂದು ಸಾಲು ಇರಬೇಕಿತ್ತು. ಇವುಗಳಲ್ಲಿ ಎಷ್ಟೋ ಕಟ್ಟಡಗಳು 1933ರಿಂದ 1942ರವರೆಗಿದ್ದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸರ್ಕಾರಿ ಉದ್ಯೋಗ ಯೋಜನೆಯ ಹುಡುಗರ ಕೈಕೆಲಸ. ಕೆಲಸವಿಲ್ಲದೆ ಕೂತಿದ್ದ ಯುವಕರು, ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲೂ ಹೆಚ್ಚಿನ ಪಾಲು ನೇರ ಮನೆಗೆ ಹೋಗುತ್ತಿತ್ತು. ಸುತ್ತಮುತ್ತ ಸಿಕ್ಕ ಕಲ್ಲು, ಮರದಲ್ಲೇ ಕಟ್ಟಿದ್ದಾರೆ. ಅಂಥ ಗೋಡೆಗೆ ಮೊಳೆ ಹೊಡೆದು ಬರ್ತ್‌ಡೇ ಬ್ಯಾನರ್ ಕಟ್ಟಬೇಡಿ, ದಯವಿಟ್ಟು.

ಇನ್ನೊಂದು ಮುಖ್ಯ ವಿಷಯ, ಇಲಿ. ತಿಂಗಳುಗಟ್ಟಲೆ ಮುಚ್ಚಿದ್ದ ಕಟ್ಟಡದಲ್ಲಿ ಇಲಿ ಹಿಕ್ಕೆ ಕಂಡ ಕೂಡಲೇ ಪೊರಕೆ ಹಿಡಿಯಬೇಡಿ, ಆ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಹಂಟಾವೈರಸ್ ತಗುಲಬಹುದು, ಅದು ಜೀವಕ್ಕೇ ಅಪಾಯ. ಮೊದಲು ಕಿಟಕಿ ಬಾಗಿಲು ಅರ್ಧ ಗಂಟೆ ತೆರೆದಿಡಿ. ಆಮೇಲೆ ಕೈಗವಸು ಹಾಕಿಕೊಂಡು, ಬ್ಲೀಚ್ ಬೆರೆಸಿದ ನೀರು ಚೆನ್ನಾಗಿ ಚಿಮುಕಿಸಿ, 5 ನಿಮಿಷ ನೆನೆಯಲು ಬಿಟ್ಟು, ಪೇಪರ್ ಟವೆಲ್‌ನಲ್ಲಿ ಒರೆಸಿ ತೆಗೆಯಿರಿ. ಮಕ್ಕಳು ಅಷ್ಟೊತ್ತು ಹೊರಗೇ ಇರಲಿ.

ಸೌದೆಯನ್ನೂ ದೂರದಿಂದ ಹೊತ್ತೊಯ್ಯಬೇಡಿ, ಅದರೊಳಗಿನ ಮರ ಕೊರೆಯುವ ಹುಳ ಹೊಸ ಕಾಡಿಗೆ ಸೇರಿಕೊಳ್ಳುತ್ತದೆ. ಕರೆಂಟು, ಕುಡಿಯುವ ನೀರು ಎಷ್ಟೋ ಕಡೆ ಇರುವುದಿಲ್ಲ, ಬುಕ್ ಮಾಡುವಾಗಲೇ ನೋಡಿಕೊಳ್ಳಿ.