ಗೋವಾಕ್ಕೆ ಹೊರಡುವ ಮುಂಚೆ ಬ್ಯಾಗ್ ಕಟ್ಟಿಕೊಂಡು ಸಿಂಹಗಡ ಹತ್ತಿ

ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಗೋವಾ ಸೈಕಲ್ ಸವಾರಿಯ ಮಾತು ಶುರುವಾಗಿದೆ. ಡಿಸೆಂಬರ್, ಒಂದು ವಾರ, ಕೊಂಕಣದ ದಾರಿ. ಚರ್ಚೆಯೆಲ್ಲ ಯಾವ ಸೈಕಲ್, ಯಾವ ಜರ್ಸಿ ಅಂತಲೇ. ಇರುವ ಸೈಕಲ್ಲೇ ಸಾಕು ಮಾರಾಯ್ರೇ. ಗೇರ್ ಸರಿಯಾಗಿ ಬಿದ್ದು ಬ್ರೇಕ್ ಹಿಡಿದರೆ ಆಯಿತು. ನಾನು ಕೇಳುವುದು ಬೇರೆ: ತುಂಬಿದ ಬ್ಯಾಗ್ ಕಟ್ಟಿಕೊಂಡು ಬೆನ್ನುಬೆನ್ನಿಗೆ ಎರಡು ದಿನ ತುಳಿದು ನೋಡಿದ್ದೀರಾ?

ಭಾನುವಾರ ಒಂದೇ ಏಟಿಗೆ 100 ಕಿಲೋಮೀಟರ್ ಹೊಡೆದು, ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪಿನಲ್ಲಿ ಹಾಕಿ, ಸೋಮವಾರ ಪೂರ್ತಿ ಕಾಲು ಚಾಚಿ ಮಲಗುವವರೇ ಜಾಸ್ತಿ. ವಾರದ ಸವಾರಿಯಲ್ಲಿ ಆ ಸೋಮವಾರ ಸಿಗುವುದಿಲ್ಲ, ಅಲ್ವಾ? ಶನಿವಾರ 60, ಭಾನುವಾರ ಮತ್ತೆ 60 ಮಾಡಿ. ಎರಡನೇ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ಎಲ್ಲಿ ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದಾ, ಮಂಡಿ ಏನನ್ನುತ್ತದೆ, ಇದೆಲ್ಲ ಗೊತ್ತಾಗುತ್ತದೆ. ಸೀಟಿನ ಎತ್ತರ ಇಲ್ಲೇ ಸರಿಮಾಡಿಕೊಳ್ಳಬಹುದು, ದಾರಿ ಮಧ್ಯೆ ಕೊಂಕಣದ ದಾಪೋಲಿಯಲ್ಲಿ ಅಲ್ಲ. ಇನ್ನೊಂದು, ಹೇಳಲು ಮುಜುಗರ: ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬೇಡಿ. ಅದರ ಹೊಲಿಗೆ ಉಜ್ಜಿ ಉಜ್ಜಿ ಗಾಯವಾದರೆ ಆಮೇಲೆ ಕೂರಲೂ ಆಗುವುದಿಲ್ಲ.

ತಾಮ್ಹಿಣಿ ಘಾಟ್ ಇಳಿದರೆ ಮುಂದೆ ಸಮುದ್ರದ ಬದಿ, ಸಪಾಟು ರಸ್ತೆ ಅಂದುಕೊಂಡವರು ಇದ್ದಾರೆ. ಪಾಪ. ಅಲ್ಲಿ ಖಾಡಿಗೆ (ಸಮುದ್ರದ ಹಿನ್ನೀರಿನ ಅಳಿವೆಗೆ) ಇಳಿಯುವುದು, ಗುಡ್ಡ ಹತ್ತುವುದು, ಮತ್ತೆ ಮುಂದಿನ ಖಾಡಿಗೆ ಇಳಿಯುವುದು, ಇದೇ ಕೆಲಸ. ಹರಿಹರೇಶ್ವರದ ಹತ್ತಿರ ಬಾಗ್‌ಮಾಂಡಲಾದಿಂದ ವೇಸ್ವಿಗೆ ಫೆರಿ, ದಾಭೋಳದಿಂದ ಧೋಪಾವೆಗೆ ಫೆರಿ, ತವಸಾಳದಿಂದ ಜಯಗಡಕ್ಕೆ ಇನ್ನೊಂದು. ಫೆರಿ ಕಾಯುತ್ತಾ ನಿಂತು ಕಾಲು ತಣ್ಣಗಾಗಿರುತ್ತದೆ, ದಾಟಿದ ಮೇಲೆ ಏರು ಕಾದಿರುತ್ತದೆ. ಅದಕ್ಕೇ ಪುಣೆ ಹತ್ತಿರದ ಏರುಗಳಾದ ಬೋಪದೇವ್ ಘಾಟ್, ಸಿಂಹಗಡ ಹತ್ತಿ ಅಂತ ನಾನು ಬಡಕೊಳ್ಳುವುದು. ಜೋರಾಗಿ ಬೇಡ, ಪಕ್ಕದವರ ಜೊತೆ ಮಾತಾಡಿಕೊಂಡು ಹತ್ತುವಷ್ಟು ನಿಧಾನವಾಗಿ, ಆದರೆ ಲಗೇಜ್ ಸಮೇತ. ಭಾರ ಕಟ್ಟಿದ ಸೈಕಲ್ ಏರಿನಲ್ಲಿ ಬೇರೆಯದೇ ಪ್ರಾಣಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೂ ತಕ್ಷಣ ನಿಲ್ಲುವುದಿಲ್ಲ.

ಪುಣೆಯ ಚಳಿಗಾಲದ ಬೆಳಗು ಒಣ ಹವೆ. ಕೊಂಕಣದಲ್ಲಿ ಬೆವರು ಮೈಮೇಲೇ ಕೂತಿರುತ್ತದೆ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ರಾತ್ರಿ ಒಗೆದ ಕಾಟನ್ ಟೀ ಶರ್ಟ್ ಬೆಳಿಗ್ಗೆಗೆ ಒದ್ದೆಯಾಗೇ ಇರುತ್ತದೆ. ಬೇಗ ಒಣಗುವ ಬಟ್ಟೆ ತನ್ನಿ. ಹಿಂಡಿ, ಒಣ ಟವೆಲಿನಲ್ಲಿ ಸುತ್ತಿ, ಮೇಲೆ ನಿಂತು ತುಳಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಬೆನ್ನಿಗೆ ಬ್ಯಾಗ್ ಮಾತ್ರ ಬೇಡವೇ ಬೇಡ. ಕ್ಯಾರಿಯರ್ ಹಾಕಿಸಿ, ಭಾರದ ಸಾಮಾನು ಎರಡೂ ಬದಿ ಸಮವಾಗಿ ಕೆಳಗಿಡಿ.

ರಿಪೇರಿ ಸಾಮಾನಿನ ವಿಷಯಕ್ಕೆ ಗುಂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಟ್ಯೂಬ್ ಪ್ರತಿಯೊಬ್ಬರೂ ತರಬೇಕು, ಏಕೆಂದರೆ ಅಳತೆ ಬೇರೆ ಬೇರೆ. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇರುವವರು ಒಂದು ಅಡಾಪ್ಟರ್ ಜೇಬಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಲು ಬರುವುದಿಲ್ಲ. ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವ ಭಾಗ, ಕೂರುವ ಹ್ಯಾಂಗರ್ ಎಂಬ ಸಣ್ಣ ಲೋಹದ ತುಂಡು ಕೂಡ ಅಷ್ಟೇ, ಅವರವರದು ಅವರವರೇ ತರಬೇಕು. ಸೈಕಲ್ ಬಲಗಡೆಗೆ ಬಿದ್ದರೆ ಮೊದಲು ಬಾಗುವುದು ಅದು, ಒಂದು ಸೈಕಲ್ಲಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ, ಸಣ್ಣ ಊರಲ್ಲಿ ಹುಡುಕುತ್ತಾ ಅರ್ಧ ದಿನ ಹೋದರೆ ಹೋಗುವುದು ಇಡೀ ಗುಂಪಿನ ಅರ್ಧ ದಿನ.

ಪಂಪು, ಚೈನ್ ಟೂಲ್, ಅಲೆನ್ ಕೀ, ಔಷಧದ ಡಬ್ಬಿ ಇವು ಗುಂಪಿಗೆ ಒಂದೆರಡು ಸಾಕು. ಯಾರು ಏನು ಹೊರುತ್ತಾರೆ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಪಂಪು ಹೊತ್ತವರು ಎಲ್ಲರಿಗಿಂತ ಹಿಂದೆ ಬರಲಿ. ಮುಂದೆ ಓಡಿ ಹೋದವರ ಹತ್ತಿರ ಪಂಪು ಇದ್ದು ಏನು ಉಪಯೋಗ? ಇನ್ನು ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ತರುತ್ತೇವೆ ಅಂದವರಿಗೆ ನನ್ನ ತಕರಾರಿಲ್ಲ, ಆದರೆ ಎಲ್ಲರೂ ಒಂದೊಂದು ಡಬ್ಬಿ ತರಬೇಡಿ, ಯಾರಾದರೂ ಒಬ್ಬರು ತಂದರೆ ಸಾಕು.